ಮಶಿನ್‌ಗೆ ಹಚ್ಚಿದ ಎಲೆ

ಅವರ ಮುಖ ನನಗೆ ಸರಿಯಾಗಿ ನೆನಪಾಗುತ್ತಿಲ್ಲ. ನೆನಪಾಯಿತು ಅಂದುಕೊಂಡಾಗಲೆಲ್ಲ ಕಣ್ಣೆದುರು ಬರುವುದು ಕಾಲೇಜಿನ ಸ್ಟಾಫ್ ರೂಮಿನ ಗೋಡೆಯ ಮೇಲಿರುವ ಬೀಳ್ಕೊಡುಗೆಯ ಫೋಟೋ. ಹಾರ, ಶಾಲು, ಯಾರೋ ಬಲವಂತವಾಗಿ ಸುತ್ತಿದ ರುಮಾಲು. ಆ ರುಮಾಲಿನ ಕೆಳಗೆ ಮುಜುಗರದಿಂದ ನಗುತ್ತಿರುವ ಮನುಷ್ಯನನ್ನು ನಾನು ದಿನವೂ ನೋಡಿ ನೋಡಿ, ಒಳಗಿದ್ದ ಮುಖ ಅಳಿಸಿಹೋಗಿದೆ. ಖಾತ್ರಿಯಾಗಿ ನನ್ನ ಹತ್ತಿರ ಉಳಿದಿರುವುದು ಅವರ ಬಲಗೈಯ ಹೆಬ್ಬೆರಳು. ಉಗುರಿನ ಅಂಚಿನಲ್ಲಿ ಸದಾ ಒಂದು ಕಂದುಹಸಿರು ಗೆರೆ ಇರುತ್ತಿತ್ತು. ಎಷ್ಟು ಸಾಬೂನು ಹಚ್ಚಿದರೂ ಹೋಗುತ್ತಿರಲಿಲ್ಲ. ಎಲೆಯ ದೇಟು ಮುರಿದು, ಹಾಲು ಒಸರುತ್ತದೋ ಇಲ್ಲವೋ ಎಂದು ಆ ಬೆರಳಿನಿಂದ ಒತ್ತಿ ನೋಡುವುದು ಅವರ ರೂಢಿ.

ಹೋದ ವಾರ ಶಹಾಪುರದಲ್ಲಿ ಸರ್ ತೀರಿಕೊಂಡರು. ಡೈರಿಯಲ್ಲಿ ಅವತ್ತು "ಸರ್ ಹೋದರು" ಎಂದಷ್ಟೇ ಬರೆದು ಮುಚ್ಚಿಟ್ಟೆ. ಇವತ್ತು ಇನ್ನಷ್ಟು ಬರೆಯಲು ಕೂತಿದ್ದೇನೆ. ಬರೆದಿದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಕೂಡಿಸಿಕೊಂಡದ್ದು ಎಂದು ಹೇಳುವ ಧೈರ್ಯ ನನಗಿಲ್ಲ. ಅನುಮಾನ ಬಂದ ಕಡೆ ಅನುಮಾನ ಎಂದೇ ಬರೆಯುತ್ತೇನೆ. ಆ ಪಾಠ ಕಲಿಸಿದವರೂ ಅವರೇ.

ಅವರು ನಮಗೆ ಡಿಗ್ರಿಯಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಮುಂದೆ ನಾನು ಎಂ.ಎಸ್ಸಿ ಮುಗಿಸಿ ಅದೇ ಕಾಲೇಜಿಗೆ, ಅದೇ ಲ್ಯಾಬಿಗೆ ಬಂದಾಗ ಸಹೋದ್ಯೋಗಿಯಾದರು. ಹುಡುಗರು ಅವರಿಗೆ ಇಟ್ಟ ಹೆಸರು ಎಲಿ ಸರ್. ಅದು ಅವರಿಗೆ ಗೊತ್ತಿತ್ತು. ಹಾಜರಿ ಕರೆಯುವಾಗ ಯಾರಾದರೂ ಹಿಂದಿನ ಬೆಂಚಿನಿಂದ ಹಾಗೆ ಕೂಗಿದರೆ, "ಎಲಿ ಹಾಜರ್ ಅದ, ಕೋತಿ ಎಲ್ಲದ?" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಒಂದು ಎಲೆಯ ಮೂಲಕ. ಕ್ಲಾಸಿಗೆ ಬಂದವರೇ ಪ್ರತಿಯೊಬ್ಬರ ಕೈಗೂ ಒಂದು ಸಣ್ಣ ಎಲೆ ಕೊಟ್ಟು ಅಗಿಯಲು ಹೇಳಿದರು. ಸ್ವಲ್ಪ ಕಹಿ, ಸ್ವಲ್ಪ ಒಗರು. ಆಮೇಲೆ ಪೇಪರಿನ ಪೊಟ್ಟಣದಿಂದ ಒಂದೊಂದು ಚಿಟಿಕೆ ಸಕ್ಕರೆ ಕೊಟ್ಟರು. ಬಾಯಿಗೆ ಹಾಕಿಕೊಂಡರೆ ಸಿಹಿಯೇ ಇಲ್ಲ. ಮರಳು ಅಗಿದ ಹಾಗೆ. ನನ್ನ ಪಕ್ಕದವಳು ಗಾಬರಿಯಾಗಿ, "ಸರ್, ನನ ನಾಲಿಗಿ ಸತ್ತೋಯ್ತ್ರಿ!" ಎಂದು ಚೀರಿದಳು. ಅವರು ನಕ್ಕರು.

"ನಾಲಿಗಿ ಸತ್ತಿಲ್ಲ. ಸಕ್ರಿನೂ ಸತ್ತಿಲ್ಲ. ಎರಡರ ನಡು ಈ ಎಲಿ ಅಡ್ಡ ನಿಂತದ. ಸ್ವಲ್ಪ ಹೊತ್ತಿಗೆ ಸರಿತದ. ಹೆದರಬ್ಯಾಡ್ರಿ."

ಆ ಎಲೆಗೆ ನಮ್ಮ ಪುಸ್ತಕದಲ್ಲಿ ಮಧುನಾಶಿನಿ ಎಂದು ಹೆಸರು. ಅವರ ಮನೆಯಲ್ಲಿ ಆಡುವ ದಖ್ಖನಿಯಲ್ಲಿ ಗುಡಮಾರ್, ಬೆಲ್ಲವನ್ನು ಕೊಲ್ಲುವುದು. ನಮ್ಮೂರಿನ ಮಲಗಿದ ಬುದ್ಧನ ಗುಡ್ಡದ ಹಿಂಬದಿಯ ಕಲ್ಲುಸಂದಿಗಳಲ್ಲಿ, ಶಿರವಾಳದ ಹಳೆಯ ಗುಡಿಗಳ ಹಿಂದಿನ ಬೇಲಿಯಲ್ಲಿ ಆ ಬಳ್ಳಿ ಹಬ್ಬಿರುತ್ತಿತ್ತು. ಅದರ ಎಲೆಯೊಳಗೆ ಸಕ್ಕರೆಗೆ ಅಡ್ಡ ನಿಲ್ಲುವ ವಸ್ತು ಎಷ್ಟಿದೆ, ಯಾವ ಗುಡ್ಡದ ಎಲೆಯಲ್ಲಿ ಹೆಚ್ಚು, ಯಾವ ಋತುವಿನಲ್ಲಿ ಕಡಿಮೆ, ಇದನ್ನು ಅಳೆಯುವುದೇ ಅವರ ಜೀವನದ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ.

ಕೆಲಸ ಹೀಗೆ ನಡೆಯುತ್ತಿತ್ತು. ನೆರಳಲ್ಲಿ ಒಣಗಿಸಿದ ಎಲೆ ಪುಡಿ ಮಾಡಿ ಗಾಜಿನ ಕೊಳವೆಯಲ್ಲಿ ತುಂಬಬೇಕು. ಕೆಳಗೆ ಬುಡ್ಡಿಯಲ್ಲಿ ಸ್ಪಿರಿಟ್ ಕಾಯಬೇಕು. ಅದರ ಆವಿ ಮೇಲೇರಿ, ತಣಿದು ಹನಿಯಾಗಿ, ಪುಡಿಯ ಮೂಲಕ ಇಳಿದು, ಎಲೆಯ ಸತ್ವವನ್ನು ಹೊತ್ತುಕೊಂಡು ಮತ್ತೆ ಕೆಳಗಿನ ಬುಡ್ಡಿಗೆ ಬರಬೇಕು. ಕೊಳವೆ ತುಂಬಿ ಒಮ್ಮೆಗೇ ಬರಿದಾಗುವಾಗ ಗುಳಕ್ ಎಂದು ಸದ್ದಾಗುತ್ತಿತ್ತು. "ಉಸುರು ಬಿಡ್ತು" ಎನ್ನುತ್ತಿದ್ದರು ಸರ್. ದಿನವಿಡೀ ಹಾಗೆ ಉಸಿರು ಬಿಟ್ಟ ಮೇಲೆ ಉಳಿದ ಕಪ್ಪು ರಸವನ್ನು ಆರಿಸಿ, ನೀರಿನಲ್ಲಿ ಕಲಸಿ, ಆಸಿಡ್ಡಿನ ಹನಿ ಬಿಟ್ಟರೆ, ಇರಬೇಕಾದದ್ದು ಇದ್ದರೆ, ಮೋಡ ಕಟ್ಟಿದಂತೆ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ ಒಣಗಿಸಿ ತೂಕ ಮಾಡುವುದು.

ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲದ ಊರು. ಆವಿ ತಣಿಸಲು ನೀರು ಹರಿಯುತ್ತಲೇ ಇರಬೇಕು. ಅವರು ಮನೆಯ ಹಳೇ ಕೂಲರಿನ ಪಂಪ್ ಬಿಚ್ಚಿ ತಂದು ಬಕೆಟ್ಟಿನಲ್ಲಿ ಮುಳುಗಿಸಿದ್ದರು. ಬೇಸಿಗೆಯಲ್ಲಿ ಸೋಡಾ ಅಂಗಡಿಯಿಂದ ಬರ್ಫ, ಅಂದರೆ ಮಂಜುಗಡ್ಡೆ, ತರಿಸಿ ಅದರಲ್ಲಿ ಹಾಕುವರು. ಜವಾನ ಬರ್ಫ ಹೊತ್ತು ತರುತ್ತ ಒಮ್ಮೆ ಕಾರಿಡಾರಿನಲ್ಲೇ ಕೂಗಿದ್ದ:

"ಸರ್ ಲ್ಯಾಬ್‌ನಾಗ ಭಟ್ಟಿ ಇಟ್ಟಾರ! ಸ್ಪಿರಿಟ್ ಅದ, ಬರ್ಫ ಅದ, ತಿನ್ನಾಕ ಚುಡುವಾ ಒಂದು ಕಡಿಮಿ ಅದ ನೋಡ್ರಿ!"

"ನಾ ಕುಡಿಯಂಗಿಲ್ಲೋ ಮಾರಾಯ. ಎಲಿಗೆ ಕುಡಿಸ್ತೀನಿ. ಎಲಿ ಬಾಯಿ ಬಿಡಲಿ ಅಂತ" ಎಂದರು ಸರ್. ನಮಾಜು ಬಿಡದ ಮನುಷ್ಯ. ಸ್ಪಿರಿಟ್ಟಿನ ವಾಸನೆ ಹತ್ತಿದ ಅಂಗಿಯನ್ನು ಕಾಲೇಜಿನಲ್ಲೇ ಬದಲಿಸಿ ಮನೆಗೆ ಹೋಗುತ್ತಿದ್ದರು.

ತೂಕ ಮಾಡುವಾಗ ಫ್ಯಾನ್ ಬಂದ್. ಏಪ್ರಿಲ್ಲಿನಲ್ಲೂ ಬಂದ್. ಕಿಟಕಿಯೂ ಬಂದ್. ತಕ್ಕಡಿಯ ಗಾಜಿನ ಬಾಗಿಲು ಹಾಕಿ, ಉಸಿರು ಹಿಡಿದು ಕಾಯುವರು. ಒಮ್ಮೆ ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದವರೇ ಫ್ಯಾನಿನ ಬಟನ್ ಒತ್ತಿಬಿಟ್ಟರು. ತೆರೆದಿಟ್ಟಿದ್ದ ಪುಡಿ ಎದ್ದು ಅವರ ಬಿಳಿ ಅಂಗಿಯ ಮೇಲೆ ಕೂತಿತು. ಸರ್ ಬೈಯಲಿಲ್ಲ. "ನಿಮ್ಮ ಅಂಗಿ ಬಿಚ್ಚಿ ಕೊಡ್ರಿ ಸರ್, ಅದನ್ನೂ ತೂಗಬೇಕಾಗ್ತದ" ಎಂದರು. ಪ್ರಿನ್ಸಿಪಾಲರಿಗೆ ಅದು ನಗೆಚಾಟಿಕೆಯೋ ನಿಜವೋ ತಿಳಿಯದೆ ಗುಂಡಿಯ ಮೇಲೆ ಕೈ ಇಟ್ಟು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಈ ಕಥೆಯನ್ನು ಅಷ್ಟು ಸಲ ಕೇಳಿದ್ದೇನೆ. ನಾನು ಅಲ್ಲಿ ಇದ್ದೆನೋ ಇಲ್ಲವೋ ಈಗ ಹೇಳಲಾರೆ.

ಒಂದು ವಿಷಯದಲ್ಲಿ ಮಾತ್ರ ಅವರು ಸಿಟ್ಟಾಗುತ್ತಿದ್ದರು. ಆಸಿಡ್ ಹಾಕಿದರೂ ಮೋಡ ಕಟ್ಟದಿದ್ದರೆ ನಾವು ಫಲಿತಾಂಶದ ಜಾಗದಲ್ಲಿ "ಇಲ್ಲ" ಎಂದು ಬರೆಯುತ್ತಿದ್ದೆವು. ಅವರು ಅದನ್ನು ಅಡ್ಡಗೆರೆ ಎಳೆದು ಹೊಡೆದು ಹಾಕುವರು.

"ಇಲ್ಲ ಅಂತ ಹೇಳಾಕ ನೀ ಯಾರು? ನಿನ್ನ ಕಣ್ಣು ಸಣ್ಣದು, ತಕ್ಕಡಿ ಸಣ್ಣದು. ಕಾಣಲಿಲ್ಲ ಅಂತ ಬರಿ."

ಹಾಗೆಯೇ, ತೂಕ ಜಾಸ್ತಿ ಬಂದಾಗ "ಈ ಎಲೆ ಒಳ್ಳೆಯದು" ಎಂದು ಯಾರಾದರೂ ಬರೆದರೆ ಅದಕ್ಕೂ ಅಡ್ಡಗೆರೆ. "ಜಾಸ್ತಿ ಅಂತ ಬರಿ. ಒಳ್ಳೇದು ಯಾರಿಗೆ, ಎಷ್ಟು, ಏನರ ಮಾಲೂಮ್ ಅದ ಏನು ನಿನಗ? ಅಳತಿ ಅಂದ್ರ ಅಳತಿ. ದವಾ ಅಲ್ಲ." ಈ ಮಾತನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಇಷ್ಟು ಎಚ್ಚರದ ಮನುಷ್ಯನ ಮನೆಯಲ್ಲಿಯೇ ಅದು ಆಯಿತು.

ಮನೆ ಎಂದರೆ ಇಬ್ಬರೇ. ಸರ್ ಮದುವೆಯಾಗಲಿಲ್ಲ. ತಾಯಿ ಹೋದ ಮೇಲೆ ಅವರನ್ನು ಸಾಕಿದ ಅಕ್ಕ, ಗಂಡ ತೀರಿದ ನಂತರ ತಮ್ಮನ ಮನೆಗೇ ಬಂದಿದ್ದರು. ಅವರು ಎಲ್ಲರಿಗೂ ಆಪಾ. ನನಗೂ. ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಪಾನ್ ಜಗಿದು ಜಗಿದು ಕೆಂಪಾದ ತುಟಿ. ಶುಗರ್ ಇತ್ತು. ತಮ್ಮ ತಂದುಕೊಟ್ಟ ಗುಳಿಗೆಯನ್ನು, "ಈ ಬಿಳಿ ಮಂದಿ ಬಂದ್ರು ನೋಡು" ಎಂದು ಮೂಗು ಮುರಿಯುತ್ತ ನುಂಗುತ್ತಿದ್ದರು.

ಎಲೆ ಒಣಗಿಸುವುದು ಆಪಾನ ಕೆಲಸ. ಸರ್ ಗುಡ್ಡದಿಂದ ಚೀಲ ಹೊತ್ತು ತಂದರೆ, ಆಪಾ ಅದನ್ನು ಜರಡಿ ಹಿಡಿದು, ಹುಳ ತಿಂದದ್ದು ಬೇರೆ ಮಾಡಿ, ಮೆಟ್ಟಿಲ ಕೆಳಗಿನ ಕತ್ತಲಕೋಣೆಯಲ್ಲಿ ತಮ್ಮ ಹಳೇ ಬಿಳಿ ದುಪಟ್ಟಾ ಹಾಸಿ ಹರಡುವರು. ಬಿಸಿಲು ತಾಗಬಾರದು. ಯಾರಾದರೂ ಬಾಗಿಲು ತೆರೆದಿಟ್ಟರೆ, "ನಕ್ಕೋ ನಕ್ಕೋ, ಬ್ಯಾಡ, ಮುಚ್ಚು! ಎಲಿ ಕಪ್ಪಾದ್ರ ನನ ತಮ್ಮ ಮುಖ ಕಪ್ಪು ಮಾಡ್ಕೋತಾನ" ಎಂದು ಕೂಗುವರು. ಮನೆಯ ಮುಂದೆಯೂ ಒಂದು ಬಳ್ಳಿ ನೆಟ್ಟು ಕಂಪೌಂಡಿಗೆ ಹಬ್ಬಿಸಿದ್ದರು. ಗುಡ್ಡದ ಎಲೆಗಿಂತ ತನ್ನ ಎಲೆ ಮೇಲೆ ಬರಬೇಕು ಎಂಬುದು ಆಪಾನ ಹಟ. ಪ್ರತಿ ಸಲವೂ ಕೇಳುವರು: "ನನ್ನ ಎಲಿ ಎಷ್ಟನೇ ನಂಬರ್?"

ಆ ದಿನದ ಬಗ್ಗೆ ಈಗ ಬರೆಯಬೇಕು. ಇಲ್ಲಿ ನನ್ನನ್ನು ನಂಬಬೇಡಿ.

ಮಧ್ಯಾಹ್ನ. ಆಪಾನ ಬಳ್ಳಿಯ ಎಲೆಯ ತೂಕ ಅವತ್ತು ಬಂದಿತ್ತು. ಗುಡ್ಡದ ಎಲೆ, ಶಿರವಾಳದ ಎಲೆ, ಅಂಗಡಿಯಿಂದ ತಂದ ಎಲೆ, ಎಲ್ಲದಕ್ಕಿಂತ ಜಾಸ್ತಿ. ಸರ್‌ಗೆ ಸಂತೋಷ ತಡೆಯಲಾಗಲಿಲ್ಲ. ನನ್ನನ್ನೂ ಊಟಕ್ಕೆ ಕರೆದುಕೊಂಡು ಹೋದರು. ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೂಗಿದರು:

"ಆಪಾ! ನಿನ್ನ ಎಲಿ ಎಲ್ಲಾರ್ಕಿಂತ ಮ್ಯಾಲ ಬಂತು!"

ಆಪಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಬಂದರು. "ಮಶಿನ್‌ಗೆ ಹಚ್ಚಿದಿ?"

"ಹಚ್ಚೀನಿ."

"ಹಂಗಾದ್ರ ಛಲೋ ಅದ ಏನು ನನ್ನ ಎಲಿ?"

ಇಲ್ಲಿಯವರೆಗೆ ನನಗೆ ಕೇಳಿಸಿದೆ. ಆಮೇಲೆ ನಾನು ಕೈ ತೊಳೆಯಲು ಮೋರಿಯ ಕಡೆ ಹೋದೆ. ನಲ್ಲಿಯಲ್ಲಿ ಅವತ್ತು ನೀರು ಜೋರಾಗಿ ಬರುತ್ತಿತ್ತು. ಸರ್ ಏನೋ ಹೇಳಿದರು. ಆಪಾ ನಕ್ಕರು. ಅವರಿಬ್ಬರೇ ಇದ್ದಾಗ ದಖ್ಖನಿಯಲ್ಲಿ ಮಾತಾಡುತ್ತಿದ್ದರು, ನನ್ನೆದುರು ಕನ್ನಡಕ್ಕೆ ಹೊರಳುತ್ತಿದ್ದರು. ಮೇಲಿನ ಮಾತುಗಳನ್ನೂ ಅವರು ಕನ್ನಡದಲ್ಲಿ ಆಡಿದರೋ, ನಾನೇ ಕನ್ನಡ ಮಾಡಿಕೊಂಡು ಇಟ್ಟುಕೊಂಡಿದ್ದೇನೋ. ನಾನು ತಿರುಗಿ ಬರುವಷ್ಟರಲ್ಲಿ ಆಪಾ ತಟ್ಟೆ ಹಾಕುತ್ತಿದ್ದರು. "ಕುಂದ್ರು ಬೇಟಿ. ಇವತ್ತ ನಾ ಪಾಸಾಗೀನಿ."

ಆ ದಿನದ ಡೈರಿ ತೆಗೆದು ನೋಡಿದ್ದೇನೆ, ಒಂದಲ್ಲ ಹಲವು ಸಲ. ಅದರಲ್ಲಿ ಇರುವುದು ಇಷ್ಟೇ: "ಸರ್ ಮನೆಯಲ್ಲಿ ಊಟ. ಖಟ್ಟಿ ದಾಲ್ ಚೆನ್ನಾಗಿತ್ತು. ಸೆಖೆ."

ಅವತ್ತಿನಿಂದ ಆಪಾ ಗುಳಿಗೆ ನುಂಗುವುದನ್ನು ಬಿಟ್ಟರು ಎಂದು ನಮಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ತಮ್ಮ ತಂದುಕೊಟ್ಟದ್ದನ್ನು ಬೇಡ ಎನ್ನಲಿಲ್ಲ. ಅವನ ಮನಸ್ಸು ನೋಯಬಾರದಲ್ಲ. ಅವನ ಕಣ್ಣೆದುರು ಬಾಯಿಗೆ ಹಾಕಿಕೊಂಡು, ಅವನು ಹೊರಗೆ ಹೋದ ಮೇಲೆ ತೆಗೆಯುವರು. ಬೆಳಗ್ಗೆ ಎದ್ದು ಬಳ್ಳಿಯ ಎಲೆ ಕಿತ್ತು ಅಗಿಯುವರು. ಅಗಿದ ಮೇಲೆ ಚಹಾ ಸಿಹಿಯೆನಿಸುತ್ತಿರಲಿಲ್ಲ. ನಾಲಗೆಯಲ್ಲಿ ಸಕ್ಕರೆ ಸತ್ತಂತೆ ರಕ್ತದಲ್ಲಿಯೂ ಸತ್ತಿತು ಎಂದು ಅವರು ತಿಳಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಜೊತೆಗೆ ತಮ್ಮನ ಮಶಿನ್ ಬೇರೆ ಹೇಳಿತ್ತು. ಮಶಿನ್ ಎಂದರೆ ಒಂದು ಗಾಜಿನ ಕೊಳವೆ, ಒಂದು ಕೂಲರ್ ಪಂಪ್, ಒಂದು ತಕ್ಕಡಿ. ಆಪಾ ಅದನ್ನು ಒಮ್ಮೆಯೂ ಕಂಡವರಲ್ಲ.

ಕಾಲಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಆಯಿತು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಅಡ್ಡಾಡಿದರು. ತಮ್ಮನಿಗೆ ವಾಸನೆ ಬಂದ ದಿನ ಬೆರಳು ಕಪ್ಪಾಗಿತ್ತು. ಕಲಬುರಗಿಯ ಆಸ್ಪತ್ರೆಗೆ ಒಯ್ದರು, ನಾನೂ ಜೊತೆಗೆ ಹೋದೆ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು, "ಗುಳಿಗಿ ಕೊಡ್ತಿದ್ರಿಲ್ಲೋ ಇವರಿಗೆ?" ಎಂದು ಸರ್ ಮೇಲೆ ರೇಗಿದರು. ಸರ್ ನನ್ನ ಮುಖ ನೋಡಿದರು. ಆ ನೋಟ ಮಾತ್ರ ನನಗೆ ಪೂರಾ ನೆನಪಿದೆ, ಆದರೆ ಆ ನೋಟದ ಸುತ್ತ ಇದ್ದ ಮುಖ ಇಲ್ಲ.

ಅವರು ಅಕ್ಕನ ಹಾಸಿಗೆಯ ಪಕ್ಕ ಬಗ್ಗಿ ಕೇಳಿದರು, "ಯಾಕ ಆಪಾ? ಯಾಕ ಬಿಟ್ಟಿ?"

ಆಪಾಗೆ ಜ್ವರ ಏರಿತ್ತು. ಆದರೂ ಆ ತುಟಿಯಲ್ಲಿ ನಗೆ ಇತ್ತು. "ನನ್ನ ಎಲಿ ಮ್ಯಾಲ ಬಂದಿತ್ತಲ್ಲೋ ಬಾಬಾ."

ಮುಂದೆ ಅವರು ಮಾತಾಡಲಿಲ್ಲ. ಶಹಾಪುರಕ್ಕೆ ಹೆಣವಾಗಿ ಬಂದರು. ಮನೆ ಒರೆಸುವಾಗ ಅವರ ಪಾನ್‌ದಾನ್ ತೆಗೆದು ನೋಡಿದರೆ, ಅಡಿಕೆ ಇರಬೇಕಾದ ಖಾನೆಯಲ್ಲಿ, ಕಾಚು ಇರಬೇಕಾದ ಖಾನೆಯಲ್ಲಿ, ಬರೀ ಗುಳಿಗೆ. ಒದ್ದೆಯಾಗಿ ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಸರ್ ಅಂದು ಸಂಜೆ ಕುಡುಗೋಲು ತಂದು ಕಂಪೌಂಡಿನ ಬಳ್ಳಿಯನ್ನು ಬುಡಕ್ಕೆ ಕಡಿದರು. ಮಳೆಗಾಲದಲ್ಲಿ ಅದು ಮತ್ತೆ ಚಿಗುರಿತು. ಮತ್ತೆ ಕಡಿದರು. ಅಷ್ಟರಲ್ಲಿ ಅದರ ತುಂಡುಗಳು ಓಣಿ ದಾಟಿ ಹೋಗಿದ್ದವು. ಆಪಾ ಇದ್ದಾಗಲೇ ಓಣಿಯ ಅರ್ಧ ಮಂದಿಗೆ ಎಲೆ ಹಂಚಿದ್ದರು. "ನನ ತಮ್ಮ ಮಶಿನ್‌ಗೆ ಹಚ್ಚಿ ನೋಡ್ಯಾನ" ಎಂಬ ಮಾತಿನ ಸಮೇತ. ಎಲೆ ಕಡಿಯಬಹುದಿತ್ತು. ಮಾತು ಕಡಿಯಲು ಆಗಲಿಲ್ಲ.

ಆ ಮೇಲಿನ ಸರ್ ಬೇರೆ ಮನುಷ್ಯ. ಕ್ಲಾಸ್ ಮುಗಿದ ಮೇಲೆ ಲ್ಯಾಬಿಗೆ ಬರುವ ಬದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಮಸೀದಿಯ ಮೆಟ್ಟಿಲು, ಕಿರಾಣಿ ಅಂಗಡಿ ಎಂದು ಸುತ್ತುವರು. ಸಿಕ್ಕವರಿಗೆಲ್ಲ ಒಂದೇ ಮಾತು: ಎಲೆ ತಿನ್ನುವುದಾದರೆ ತಿನ್ನಿ, ಗುಳಿಗೆ ಬಿಡಬೇಡಿ. ಒಬ್ಬ ಆಟೋದವನು ಅವರಿಗೆ ಕೊಟ್ಟ ಉತ್ತರವನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

"ನೀವ ಕಂಡುಹಿಡದ್ರಿ, ಈಗ ನೀವ ಬ್ಯಾಡ ಅಂತೀರಿ. ಗುಳಿಗಿ ಕಂಪನಿಯವ್ರು ಮನಿಗೆ ಬಂದಿದ್ರೇನ್ರಿ ಸರ್?"

"ಇಲ್ಲೋ ತಮ್ಮಾ. ನಮ್ಮ ಮನಿಗೆ ಮೌತ್ ಬಂದಿತ್ತು, ಸಾವು."

"ಅದು ಕಾಲಿನ ಗಾಯಕ್ಕಾತು ಬಿಡ್ರಿ. ಎಲಿ ಏನ್ ಮಾಡ್ತದ?" ಎಂದು ಅವನು ಆಟೋ ಸ್ಟಾರ್ಟ್ ಮಾಡಿದ. ಸರ್ ಹೊಗೆಯಲ್ಲಿ ನಿಂತೇ ಇದ್ದರು.

ಸುರಪುರಕ್ಕೆ ಪರೀಕ್ಷೆಯ ಕೆಲಸಕ್ಕೆ ನಾವಿಬ್ಬರೂ ಹೋಗಿದ್ದಾಗ ನಡೆದದ್ದು ಇದಕ್ಕಿಂತ ಕೆಟ್ಟದು. ಕಾಲೇಜಿನಿಂದ ಬಸ್ಸಿಗೆ ನಡೆದು ಬರುವಾಗ ಒಂದು ಮನೆಯ ಕಂಪೌಂಡಿನ ಮೇಲೆ ಆ ಬಳ್ಳಿ. ಸರ್ ನಿಂತುಬಿಟ್ಟರು. ಅಭ್ಯಾಸಬಲದಿಂದ ಕೈ ಮುಂದೆ ಹೋಯಿತು, ಹೆಬ್ಬೆರಳು ದೇಟನ್ನು ಒತ್ತಿತು. ಮನೆಯ ಯಜಮಾನ, ಬನಿಯನ್ನಿನಲ್ಲಿದ್ದ ವಯಸ್ಸಾದವರು, ಹೊರಗೆ ಬಂದು ಹೆಮ್ಮೆಯಿಂದ ಹೇಳಿದರು:

"ಹರಕೊಳ್ರಿ, ಹರಕೊಳ್ರಿ. ಶುಗರ್‌ಗೆ ಇದರ ಮುಂದ ಏನೂ ಇಲ್ಲ. ಶಹಾಪುರದಾಗ ಒಬ್ರು ಸಾಬ್ರು ಸರ್ ಇದ್ದಾರ, ಮಶಿನ್‌ಗೆ ಹಚ್ಚಿ ನೋಡಿ ಹೇಳ್ಯಾರ. ಕಕ್ಕೇರಾಕ್ಕೂ ನಾನ ಕೊಟ್ಟು ಕಳಿಸೀನಿ ಇದರ ಬಳ್ಳಿ."

"ಆ ಸರ್ ಹಂಗ ಹೇಳಿಲ್ರಿ" ಎಂದರು ಸರ್.

"ನಿಮಗೇನ್ ಗೊತ್ರಿ? ನಮ್ಮ ಬೀಗರ ಓಣ್ಯಾಗ ಇದ್ದಾರ ಅವ್ರು."

ನಾನು ಬಾಯಿ ತೆರೆಯಹೋದೆ. ಸರ್ ಕಣ್ಣಿನಲ್ಲೇ ಬೇಡ ಎಂದರು. ಬಸ್ಸು ಊರು ಮುಟ್ಟಿತು. ಇಳಿಯುವಾಗ ಹೇಳಿದರು, "ತಂಗಿ, ನಾ ಬದುಕಿದ್ದಾಗನ ನನ ಮಾತು ಯಾರೂ ಕೇಳವಲ್ರು. ಆ ಇನ್ನೊಬ್ಬ ಸರ್ ಮಾತು ಎಲ್ಲಾರೂ ಕೇಳ್ತಾರ."

ಮನುಷ್ಯನ ಮಾತು ಕೇಳದ ಜನ ಮಶಿನ್ ಮಾತು ಕೇಳುತ್ತಾರೆ. ಹಾಗಿದ್ದರೆ ಮಶಿನ್‌ನಿಂದಲೇ ಹೇಳಿಸಬೇಕು ಎಂದು ಅವರಿಗೆ ಅನಿಸಿತು. ಮತ್ತೆ ಅಳೆದು, ಸತ್ವ ಕಡಿಮೆ ಬಂದಿದೆ ಎಂದು ಊರಿಗೆ ಹೇಳಿದರೆ ನಂಬಿಯಾರು. ಎಷ್ಟೋ ದಿನದ ಮೇಲೆ ಕೊಳವೆ ತೊಳೆದು ಪಂಪ್ ಹಚ್ಚಿದರು. ಬೇಕೆಂತಲೇ ಬಲಿತ ಎಲೆ, ಬಿಸಿಲಿಗೆ ಬಾಡಿದ ಎಲೆ, ಹುಳ ತಿಂದ ಎಲೆ ಆರಿಸಿ ತಂದಿದ್ದರು. ಆಸಿಡ್ ಬಿಡುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಯಾವ ಫಲಿತಾಂಶವನ್ನೂ ಬಯಸಬಾರದು ಎಂದು ನಮಗೆ ಕಲಿಸಿದವರು ಅಂದು ಏನನ್ನೋ ಬೇಡುತ್ತಿದ್ದರು.

ಮೋಡ ಕಟ್ಟಿತು. ದಟ್ಟವಾಗಿ, ಬೇಗನೆ. ಒಣಗಿಸಿ, ಫ್ಯಾನ್ ಬಂದ್ ಮಾಡಿ, ತಕ್ಕಡಿಗೆ ಹಾಕಿದರು. ಹಿಂದಿನಷ್ಟೇ. ಬೆವರು ಅವರ ಗದ್ದದಿಂದ ಮೇಜಿನ ಮೇಲೆ ತೊಟ್ಟಿಕ್ಕಿತು.

"ಕಡಿಮಿ ಬಂತು ಅಂತ ಹೇಳ್ರಿ ಸರ್" ಎಂದೆ. "ಯಾರು ಕೇಳ್ತಾರ? ನಾಕು ಮಂದಿ ಉಳಿದ್ರ ಸಾಕಲ್ರಿ."

ಅವರು ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದರು. "ಅಷ್ಟೂ ಹೋಗ್ಯಾದ, ತಂಗಿ. ಈ ಅಳತಿ ಒಂದಾದ್ರೂ ಉಳೀಲಿ" ಎಂದರು. ಸರಿಯಾದ ತೂಕವನ್ನೇ ಬರೆದರು. ಅದೇ ಅವರ ಕೊನೆಯ ಅಳತೆ. ಅವರು ಮಾಡಿದ್ದು ಸರಿಯೋ ಎಂದು ನಾನು ಇವತ್ತಿಗೂ ತೀರ್ಮಾನಿಸಿಲ್ಲ.

ಆದರೆ ಅವರನ್ನು ತಿಂದದ್ದು ಊರಲ್ಲ. ಆ ಮಧ್ಯಾಹ್ನ. "ಛಲೋ ಅದ ಏನು" ಎಂದು ಆಪಾ ಕೇಳಿದಾಗ ತಾನು ಏನು ಉತ್ತರ ಕೊಟ್ಟೆ ಎಂಬುದು ಅವರಿಗೇ ನೆನಪಿರಲಿಲ್ಲ. ಸಂತೋಷದ ಭರದಲ್ಲಿ "ಭಾಳ ಛಲೋ ಅದ" ಎಂದು ಮುಗಿಸಿದೆನೋ, ಅಥವಾ ಈಗ ದಿನವೂ ಎಲ್ಲರಿಗೂ ಹೇಳುವ ಹಾಗೆ ಅವತ್ತು ಅವಳಿಗೂ ಗುಳಿಗೆ ಬಿಡಬೇಡ ಎಂದೆನೋ. ಎಚ್ಚರ ಹೇಳಿದ್ದರೆ ಆಪಾ ತನ್ನ ಹಟದಿಂದ ಹೋದಳು. ಹೇಳಿರದಿದ್ದರೆ ತಮ್ಮನ ಕೈಯಿಂದ ಹೋದಳು. ಅವರ ಲೆಕ್ಕ ಅಷ್ಟು ಸರಳವಾಗಿತ್ತು.

ಸಾಕ್ಷಿ ಎಂದು ಇದ್ದವಳು ನಾನೊಬ್ಬಳೇ ಎಂದು ಅವರು ತಿಳಿದಿದ್ದರು. ಲ್ಯಾಬಿನಲ್ಲಿ, ಸ್ಟಾಫ್ ರೂಮಿನಲ್ಲಿ, ನಿವೃತ್ತರಾದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಕೇಳುತ್ತಲೇ ಇದ್ದರು.

"ತಂಗಿ, ಅವತ್ತ ನೀ ಇದ್ದಿ. ನಾ ಏನಂದೆ?"

"ನೀರು ಬರ್ತಿತ್ರಿ ಸರ್. ನನಗ ಕೇಳಿಸಲಿಲ್ಲ."

"ನೆನಪು ಮಾಡ್ಕೋ ನೋಡು."

ನೆನಪು ಮಾಡಿಕೊಳ್ಳಲು ಕೂತರೆ ನನಗೆ ಎರಡೂ ಕೇಳಿಸುತ್ತಿತ್ತು. ಅವರ ದನಿಯಲ್ಲಿ "ಭಾಳ ಛಲೋ ಅದ" ಎಂಬುದೂ, "ಗುಳಿಗಿ ಮಾತ್ರ ಬಿಡಬ್ಯಾಡ" ಎಂಬುದೂ. ಎರಡೂ ಅಷ್ಟೇ ಸ್ಪಷ್ಟ. ಅಂಥ ನೆನಪಿನಿಂದ ಯಾರಿಗೆ ಏನು ಕೊಡಲಿ? ಅವರಿಗೆ ಬೇಕಾದ್ದನ್ನು ಹೇಳಿಬಿಡಬಹುದಿತ್ತು. ಆದರೆ ಅವರು ನನ್ನ ಮುಖವನ್ನು ತಕ್ಕಡಿ ನೋಡುವ ಹಾಗೆ ನೋಡುತ್ತಿದ್ದರು. ಸುಳ್ಳು ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸಲ ನಾನು, "ನೀವು ಹೇಳಿರಲಿಕ್ಕೇ ಬೇಕ್ರಿ. ಹೇಳದ ಇರೋ ಮಂದಿ ಅಲ್ಲ ನೀವು" ಎಂದೆ. ಅವರು ಹೆಬ್ಬೆರಳನ್ನು ನೋಡಿಕೊಳ್ಳುತ್ತ ತಲೆ ಅಲ್ಲಾಡಿಸಿದರು. ಆ ಗೆರೆ ಆಗ ಮಾಸಿಹೋಗಿತ್ತು.

"ಅದು ಅಂದಾಜು ಆತು. ಕಾಣಲಿಲ್ಲ ಅಂತ ಬರಿ."

ನಾನು ಅವರನ್ನು ಕೊನೆಯ ಸಲ ನೋಡಿದಾಗಲೂ ಅದನ್ನೇ ಕೇಳಿದರು. ನನ್ನ ಉತ್ತರವೂ ಅದೇ.

ಅವರು ತೀರಿದ ಸುದ್ದಿ ಬಂದಾಗ ನಾನು ತವರುಮನೆ ಕೊಂಕಲ್‌ನಲ್ಲಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ. ಎರಡು ದಿನ ಬಿಟ್ಟು ಮಾತಾಡಿಸಿ ಬರಲು ಹೋದೆ. ಯಾದಗಿರಿಯಿಂದ ಬಂದ ನೆಂಟರು ಒಳಗೆ ಕೂತಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಚಹಾ ಕೊಟ್ಟರು. ಕುಡಿದು ಹೊರಗೆ ಬಂದರೆ ಕಂಪೌಂಡಿನ ಹತ್ತಿರ ಎದುರುಮನೆಯ ಹೆಂಗಸು ನಿಂತಿದ್ದಳು. ರೊಟ್ಟಿ ಬಡಿದು ಮಾರುವವಳು. ಆಪಾನ ಗೆಳತಿ, ನನಗೂ ಮುಖಪರಿಚಯ. ಬಳ್ಳಿ ಮತ್ತೆ ಚಿಗುರಿ ಗೋಡೆ ಏರಿತ್ತು. ಕಾಯಿಲೆ ಬಿದ್ದ ಮೇಲೆ ಸರ್‌ಗೆ ಕಡಿಯಲು ಆಗಿರಲಿಲ್ಲ. ಅವಳು ಎಲೆ ಕೀಳುತ್ತಿದ್ದಳು.

"ಬರ್ರಿ ಮೇಡಮ್" ಎಂದಳು, ಕೈ ನಿಲ್ಲಿಸದೆ. "ಸರ್ ಇದ್ದಿದ್ರ ನನಗ ಎಲಿ ಹರಕೊಳ್ಳಾಕ ಬಿಡ್ತಿದ್ದಿಲ್ಲ. ಗುಳಿಗಿ ನುಂಗ್ತೀಯೇನು ಅಂತ ಮೊದಲ ಕೇಳ್ತಿದ್ರು."

"ನೀವೇನ್ ಅಂತಿದ್ರಿ?"

"ಹೂಂ ಅಂತಿದ್ದೆ."

"ನುಂಗ್ತಿದ್ರೇನು?"

ಅವಳು ನಕ್ಕಳು. "ಆಪಾನೂ ಹಿಂಗ ಮಾಡ್ತಿದ್ಲಲ್ರಿ. ಎಲಿ ಮ್ಯಾಲ ಬಂತು ಅಂದ ದಿನ ಸಂಜೀಕ ನಮ್ಮ ಕಟ್ಟಿ ಮ್ಯಾಲ ಕುಂತು ಹೇಳಿದ್ಲು. ‘ನನ ತಮ್ಮ ಕೈ ಹಿಡಿದು ಹೇಳ್ಯಾನ, ಗುಳಿಗಿ ಮಾತ್ರ ಬಿಡಬ್ಯಾಡ ಆಪಾ ಅಂತ. ಹೇಳ್ಲಿ ಬಿಡು. ಅವಗ ಸಣ್ಣಾವ ಇದ್ದಾಗಿಂದ ಹೆದರಿಕಿ ಜಾಸ್ತಿ. ಅವನ ಮಶಿನ್‌ಗೇನು ಹೆದರಿಕಿ ಅದ?’ ಅಂತ ನಗ್ತಿದ್ಲು."

"ಇದನ್ನ ಸರ್‌ಗೆ ಹೇಳಿದ್ರೇನು ನೀವು?"

"ಅವ್ರು ಕೇಳಲಿಲ್ಲಲ್ರಿ" ಎಂದಳು ಅವಳು, ಆಶ್ಚರ್ಯದಿಂದ. "ಆಪಾ ಸತ್ತಿಂದ ಆ ಮಾತ್ಯಾಕ ಎತ್ತಬೇಕು, ಮನಸಿಗೆ ಹಚ್ಕೋತಾರ ಅಂತ ನಾನೂ ಸುಮ್ಕಿದ್ದೆ."

ಅವಳ ನೆನಪೂ ನನ್ನದರಂತೆಯೇ ಇರಬಹುದು. ಸತ್ತವರ ಬಗ್ಗೆ ಒಳ್ಳೆಯದು ಆಡುವ ಹೊತ್ತಿನಲ್ಲಿ ತಾನೇ ಕೂಡಿಸಿಕೊಂಡಿರಬಹುದು. ಆದರೆ ಆ ಹೆದರಿಕೆಯ ಮಾತು ಆಪಾನದೇ. ಅದನ್ನು ಇನ್ನೊಬ್ಬರು ಕಟ್ಟಲಾರರು. ಅಷ್ಟು ವರ್ಷ ಸರ್ ನನ್ನೊಬ್ಬಳನ್ನೇ ಕೇಳಿದರು. ಅವರು ಕೂತು ಕೇಳುತ್ತಿದ್ದ ಕಟ್ಟೆಯಿಂದ ಈ ಹೆಂಗಸಿನ ಬಾಗಿಲು ಕಾಣುತ್ತದೆ. ಒಲೆಯ ಮೇಲೆ ರೊಟ್ಟಿ ಉಬ್ಬುವುದೂ ಕಾಣುತ್ತದೆ.

ಅವಳು ಕಿತ್ತ ಎಲೆಯನ್ನು ಸೆರಗಿನಲ್ಲಿ ಹಾಕಿ ಗಂಟು ಕಟ್ಟತೊಡಗಿದಳು. ಎಡಗಾಲಿಗೆ ಒಂದು ಬಟ್ಟೆ ಸುತ್ತಿಕೊಂಡಿದ್ದನ್ನು ನಾನು ಆಗ ನೋಡಿದೆ. ಅರಿಸಿನದ ಬಣ್ಣ ಹೊರಗೆ ಮೂಡಿತ್ತು.

"ಇವತ್ತ ದವಾಖಾನಿಗೆ ಹೋಗ್ರಿ. ಈಗ. ನಾ ಕರಕೊಂಡು ಹೋಗ್ತೀನಿ ನಡೀರಿ" ಎಂದೆ.

"ರೊಟ್ಟಿ ಒಯ್ಯವ್ರು ಬರ್ತಾರ್ರಿ ಈಗ. ನಾಳೆ ಹೋಗ್ತೀನಿ."

"ಗುಳಿಗಿ ಬಿಡಬ್ಯಾಡ್ರಿ."

"ಹೂಂ ರೀ" ಎಂದಳು ಅವಳು, ಗಂಟನ್ನು ಹಲ್ಲಿನಿಂದ ಬಿಗಿಮಾಡುತ್ತ.